'ಪರಿಚಿತ ಗ್ರಾಹಕ' ಎಂಬ ಷರಾ ಸಾಲದು

ಮಾನ್ಯ ಸಂಪಾದಕರೇ,

ನಾನು ಗದಗ ಜಿಲ್ಲೆಯ ಸಣ್ಣ ಸಹಕಾರಿ ಬ್ಯಾಂಕೊಂದರ ನಿವೃತ್ತ ನೌಕರ. ಗ್ರಾಹಕರ ವಹಿವಾಟುಗಳಲ್ಲಿ ವಾಡಿಕೆಗೆ ಹೊರತಾದುದನ್ನು ಗುರುತಿಸಿ ತಂತ್ರಾಂಶವು ಪ್ರತಿದಿನ ನೀಡುತ್ತಿದ್ದ ಎಚ್ಚರಿಕೆಗಳ ಪಟ್ಟಿಯನ್ನು ಪರಿಶೀಲಿಸುವ ಹೊಣೆ ಸೇವೆಯ ಕೊನೆಯ ವರ್ಷಗಳಲ್ಲಿ ನನ್ನ ಮೇಲಿತ್ತು. ಸಾಲ ವಿಭಾಗವನ್ನು ನೋಡಿಕೊಳ್ಳುತ್ತಲೇ ಇದನ್ನೂ ಮಾಡಬೇಕಾಗಿದ್ದುದರಿಂದ, ವಾರದ ಪಟ್ಟಿಯನ್ನೆಲ್ಲ ಒಮ್ಮೆಗೇ ಹಿಡಿದು 'ಪರಿಚಿತ ಗ್ರಾಹಕ' ಎಂದು ಸಾಲಾಗಿ ಷರಾ ಬರೆದು ಮುಗಿಸಿದ ದಿನಗಳೂ ಇದ್ದವು.

ಯಂತ್ರಕ್ಕೆ ಮೊತ್ತ ಕಾಣುತ್ತದೆ, ಹಂಗಾಮು ಕಾಣುವುದಿಲ್ಲ. ತಿಂಗಳುಗಟ್ಟಲೆ ವಹಿವಾಟಿಲ್ಲದ ರೈತನ ಖಾತೆಗೆ ಫೆಬ್ರುವರಿಯ ಒಂದೇ ವಾರದಲ್ಲಿ 4 ಲಕ್ಷ ರೂಪಾಯಿ ಜಮೆಯಾದರೆ ಅದು ಎಚ್ಚರಿಸುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹೋಗುವ ಕಾಲವದು ಎಂದು ಬಲ್ಲ ನೌಕರ ದಲಾಲಿ ಅಂಗಡಿಯ ಮಾರಾಟದ ಪಟ್ಟಿಯನ್ನು ತರಿಸಿ ನೋಡಿ ಸಂಶಯ ಪರಿಹರಿಸಿಕೊಳ್ಳುತ್ತಾನೆ. ಇದಕ್ಕೆ ವಿರುದ್ಧವಾಗಿ, ಕಾಲೇಜು ಹುಡುಗನೊಬ್ಬನ ಖಾತೆಗೆ ಎಲ್ಲೆಲ್ಲಿಂದಲೋ ಎರಡು ಮೂರು ಸಾವಿರದಂತೆ ಹಣ ಬಂದು ಅದೇ ರಾತ್ರಿ ಎಟಿಎಂನಲ್ಲಿ ಖಾಲಿಯಾಗುತ್ತಿದ್ದರೆ, ಬಿಡಿಬಿಡಿಯಾಗಿ ಯಾವ ಮೊತ್ತವೂ ದೊಡ್ಡದಲ್ಲ. ಇಡೀ ಸ್ಟೇಟ್‌ಮೆಂಟನ್ನು ಕುಳಿತು ಓದಿದವನಿಗೆ ಆ ಖಾತೆ ವಂಚನೆಯ ಹಣ ಸಾಗಿಸುವವರಿಗೆ ಬಾಡಿಗೆಗೆ ಹೋಗಿದೆ ಎಂಬುದು ಹೊಳೆಯುತ್ತದೆ. ನಾನು ಓದಲಿಲ್ಲ. ಹುಡುಗ ನಮ್ಮ ಹಳೆಯ ಸದಸ್ಯರೊಬ್ಬರ ಮಗ. ಆರು ತಿಂಗಳ ನಂತರ ಹೊರರಾಜ್ಯದ ಪೊಲೀಸರು ಬಂದು ನನ್ನ ಷರಾದ ಆಧಾರವೇನೆಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

1905ರಲ್ಲಿ ಇದೇ ಜಿಲ್ಲೆಯ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿದ ಕಾಲದಿಂದಲೂ ನಮ್ಮ ಸಂಸ್ಥೆಗಳ ಬಂಡವಾಳವೆಂದರೆ ಪರಸ್ಪರ ಪರಿಚಯ. ದೊಡ್ಡ ಬ್ಯಾಂಕುಗಳಿಗೆ ಸಿಗದ ಈ ಅನುಕೂಲವೇ ಪರಿಶೀಲನೆಗೆ ಕುಳಿತವನ ಕಣ್ಣಿಗೆ ಪರದೆಯೂ ಆಗುತ್ತದೆ.

ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ, 2002ರ ನಿಯಮಗಳಂತೆ, ತಿಂಗಳಿಗೆ 10 ಲಕ್ಷ ರೂಪಾಯಿ ಮೀರಿದ ನಗದು ವಹಿವಾಟನ್ನು ಮುಂದಿನ ತಿಂಗಳ 15ರೊಳಗೆ ಕೇಂದ್ರದ ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಮಾಡಬೇಕು. ಆ ಎಣಿಕೆ ಯಂತ್ರದ್ದು. ಆದರೆ ಸಂಶಯಾಸ್ಪದ ವಹಿವಾಟಿನ ವರದಿಗೆ ಕನಿಷ್ಠ ಮೊತ್ತವೆಂಬುದೇ ಇಲ್ಲ. ವಹಿವಾಟಿಗೆ ಯತ್ನಿಸಿ ಬಿಟ್ಟಿದ್ದರೂ ವರದಿ ಮಾಡಬೇಕಾಗುತ್ತದೆ. ವರದಿ ಹೋಗಿರುವ ವಿಷಯ ಗ್ರಾಹಕನಿಗೆ ತಿಳಿಯಕೂಡದೆಂಬ ನಿಯಮವೂ ಇದೆ. ವ್ಯವಸ್ಥಾಪಕರೂ ವ್ಯಾಪಾರಿಗಳೂ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುವ ನಮ್ಮ ಊರುಗಳಲ್ಲಿ ಇದು ಹೇಳಿದಷ್ಟು ಸುಲಭವಲ್ಲ.

ಆದ್ದರಿಂದ ಈ ಭಾಗದ ಸಹಕಾರಿ ಬ್ಯಾಂಕುಗಳ ಆಡಳಿತ ಮಂಡಳಿಗಳು ಪರಿಶೀಲನೆಯ ಕೆಲಸವನ್ನು ಸಾಲ ಹಾಗೂ ಠೇವಣಿ ಸಂಗ್ರಹದ ಹೊಣೆಯಿಂದ ಬೇರ್ಪಡಿಸಬೇಕೆಂದು ವಿನಂತಿಸುತ್ತೇನೆ. ಪ್ರತ್ಯೇಕ ಸಿಬ್ಬಂದಿಗೆ ಹಣವಿಲ್ಲವೆಂದಾದರೆ, ಒಂದು ಶಾಖೆ ಮುಕ್ತಾಯಗೊಳಿಸಿದ ಎಚ್ಚರಿಕೆಗಳನ್ನು ಇನ್ನೊಂದು ಶಾಖೆಯ ಅಧಿಕಾರಿ ಮತ್ತೊಮ್ಮೆ ನೋಡಿ ಸಹಿ ಮಾಡುವ ಪದ್ಧತಿಯನ್ನಾದರೂ ತರಲಿ. ದಲಾಲಿ ಪಟ್ಟಿ ನೋಡಿದ್ದರೆ ಅದರ ಸಂಖ್ಯೆ, ದಿನಾಂಕಗಳು ಷರಾದಲ್ಲಿರಲಿ. ಗ್ರಾಹಕರನ್ನು ಕೇಳಿದ್ದರೆ ಅವರು ಕೊಟ್ಟ ಉತ್ತರವಿರಲಿ.

— ನಿವೃತ್ತ ಸಹಕಾರಿ ಬ್ಯಾಂಕ್ ನೌಕರ, ಗದಗ