ಹಳೆ ವಾಚಿಗೆ ಅಳತೆ ನೋಡಿ ಚೈನು ಕೊಡಿ

ಮಾನ್ಯರೇ,

ಅಪ್ಪನ ಎಚ್‌ಎಂಟಿ ಜನತಾ ವಾಚಿಗೆ ಸ್ಟೀಲ್ ಚೈನು ಹುಡುಕಿಕೊಂಡು ಹಾಸನದಲ್ಲಿ ಮೂರು ದಿನ ಅಲೆದೆ. ಚೈನು ಕೂರುವ ಜಾಗ 18 ಮಿಲಿಮೀಟರ್. ಒಂದು ಅಂಗಡಿಯಲ್ಲಿ ಅಳತೆ ನೋಡದೆ 20ರ ಚೈನು ತೆಗೆದು, ತುದಿಯನ್ನು ಅರದಲ್ಲಿ ಉಜ್ಜಿ ತುರುಕಲು ಹೋದರು. ಕೇಸಿನ ಅಂಚಿಗೆ ಗೀರು ಬಿತ್ತು. ಈಗಲೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಡೆಗೆ ಹಿರಿಯ ರಿಪೇರಿಯವರೊಬ್ಬರು ತಗಡಿನ ಡಬ್ಬಿ ಕೆದಕಿ ತೆಳುವಾದ ಹಳೆ ಚೈನೊಂದನ್ನು ತೆಗೆದರು. ಎರಡು ಕೊಂಡಿ ಬಿಚ್ಚಿ, ಹೊಸ ಸ್ಪ್ರಿಂಗ್ ಪಿನ್ ಹಾಕಿದರು. ಎಷ್ಟು ಚೆಂದ ಕೂತಿತು!

ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ 2016ರಲ್ಲೇ ಮುಚ್ಚಿತು. ಆದರೆ ಕೀಲಿ ಕೊಟ್ಟರೆ ಅಪ್ಪನ ವಾಚು ಇನ್ನೂ ಓಡುತ್ತದೆ ಅಲ್ವಾ? ಅಂಗಡಿಯವರು 18ರ ಚೈನು ನಾಲ್ಕಾದರೂ ಇಟ್ಟುಕೊಳ್ಳಲಿ. ದಯವಿಟ್ಟು ಅಳೆದೇ ಕೊಡಲಿ.

– ಓದುಗರೊಬ್ಬರು, ಹಾಸನ