ನಲ್ಲಿ ನೀರಿನ ಪರೀಕ್ಷೆ: ಎಲ್ಲರೂ ಓದಿ

ಓಣಿಯವರಿಗೆಲ್ಲ ನಮಸ್ಕಾರ. ಭಾನುವಾರ ನಮ್ಮನೆ ನಲ್ಲಿ ನೀರನ್ನು ಎಚ್‌ಟುಎಸ್ ಪರೀಕ್ಷೆ ಬಾಟಲಿಗೆ (ನೀರಿನಲ್ಲಿ ಕೊಳಕು ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಬಾಟಲಿ) ಗುರುತಿನವರೆಗೆ ತುಂಬಿ, ಬೆಚ್ಚಗಿನ ಕಡೆ ಇಟ್ಟಿದ್ದೆ. ಮರುದಿನ ನೋಡಿದರೆ ಶಾಯಿ ಹಾಗೆ ಕಪ್ಪು! ತುಂಬುವಾಗ ನೀರು ತಿಳಿಯಾಗೇ ಇತ್ತು, ವಾಸನೆಯೂ ಇರಲಿಲ್ಲ. ಕಪ್ಪಾಯಿತು ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ ಸೇರಿರುವ ಸಾಧ್ಯತೆ ಜಾಸ್ತಿ. ಯಾವುದು ಅಂತ ಬಾಟಲಿ ಹೇಳುವುದಿಲ್ಲ, ಅದಕ್ಕೆ ಲ್ಯಾಬೇ ಬೇಕು.

ದಯವಿಟ್ಟು ನೀವೂ ಮಾಡಿ ನೋಡಿ. ಮುಚ್ಚಳದ ಒಳಗೆ ಬೆರಳು ತಾಗಬಾರದು, ಸುಮ್ನೆ ಫಲಿತಾಂಶ ಕೆಡುತ್ತದೆ. ಬಣ್ಣ ಬದಲಾಗದಿದ್ದರೆ 48 ಗಂಟೆವರೆಗೂ ಕಾಯಿರಿ. ಅಲ್ಲಿವರೆಗೆ ನೀರು ಕೊತಕೊತ ಕುದಿ ಬಂದ ಮೇಲೆ 1 ನಿಮಿಷವಾದರೂ ಕುದಿಸಿ. ಕುಡಿಯೋಕಷ್ಟೇ ಅಲ್ಲ, ದೋಸೆ ಚಟ್ನಿ ರುಬ್ಬೋಕೆ, ಮಂಡಕ್ಕಿ ನೆನೆಸೋಕೂ ಕುದಿಸಿದ ನೀರೇ ಬಳಸಿ. ನಮ್ಮ ದಾವಣಗೆರೆ ಮನೆಗಳಲ್ಲಿ ಮರೆಯುವುದು ಇದನ್ನೇ ಅಲ್ವಾ? ಕಪ್ಪಾದ ಬಾಟಲಿಯ ಫೋಟೊ ಇಲ್ಲೇ ಹಾಕಿ. ಬಾಟಲಿ ಮಾತ್ರ ಮಕ್ಕಳ ಕೈಗೆ ಸಿಗದಿರಲಿ.