ಲಾರಿಗೆ ಹಣ್ಣು, ತರಕಾರಿ ತುಂಬುವ ಮುನ್ನ: ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಸೋಮವಾರದಿಂದ ನಮ್ಮ ಶೀತಲ ಲಾರಿಗಳಲ್ಲಿ ಮಾಲು ಕಳುಹಿಸುವ ಬೆಳೆಗಾರರೂ ಅದನ್ನು ಒಯ್ಯುವ ಚಾಲಕರೂ ಈ ಕ್ರಮವನ್ನು ಪಾಲಿಸಬೇಕೆಂದು ಕೋರುತ್ತೇನೆ.

ಲಾರಿಯ ಶೀತಲ ಯಂತ್ರವು ತಂಪಾದ ಮಾಲನ್ನು ತಂಪಾಗಿಯೇ ಉಳಿಸಬಲ್ಲುದೇ ಹೊರತು, ಬಿಸಿಲಿನಲ್ಲಿ ಕಾದು ಬಂದ ಮಾಲನ್ನು ದಾರಿಯಲ್ಲಿ ತಣಿಸಲಾರದು. ಆದ್ದರಿಂದ ಕೊಯ್ಲನ್ನು ಬೆಳಗಿನ ತಂಪಿನಲ್ಲೇ ಮುಗಿಸಿ, ನೆರಳಿನಲ್ಲಿಟ್ಟು, ಮೊದಲೇ ತಣಿಸಿ ತನ್ನಿ. ಕಳೆದ ಬಾರಿ ಅಂಚಿನ ಸಾಲಿನ ಸೊಪ್ಪು ಚೆನ್ನಾಗಿಯೇ ಇತ್ತು. ನಡುವಿನ ಕ್ರೇಟಿಗೆ ಕೈಯಿಟ್ಟಾಗ ಮಾತ್ರ ಎಲೆಗಳು ಬೆಚ್ಚಗಾಗಿ, ಬೆರಳಿಗೆ ಅಂಟುತ್ತಿದ್ದವು.

ಕ್ರೇಟುಗಳನ್ನು ಗೋಡೆಗೂ ಚಾವಣಿಗೂ ಒತ್ತದಂತೆ, ಗಾಳಿಯಾಡಲು ಜಾಗ ಬಿಟ್ಟು ಜೋಡಿಸಬೇಕು. ಹೆಚ್ಚಿನ ಸೊಪ್ಪುಗಳಿಗೂ ಕ್ಯಾರೆಟ್‌ಗೂ 0ರಿಂದ 2 ಡಿಗ್ರಿ ಸೆಲ್ಸಿಯಸ್ ಹಿತವಾದರೆ, ಬಾಳೆಗೆ ಸುಮಾರು 13 ಡಿಗ್ರಿಗಿಂತ ಕೆಳಗಿನ ಚಳಿ ತಗುಲಿದರೆ ಸಿಪ್ಪೆ ಕಪ್ಪಾಗುತ್ತದೆ. ಮಾಗುತ್ತಿರುವ ಬಾಳೆ, ಟೊಮೆಟೊಗಳಿಂದ ಹೊರಡುವ ಎಥಿಲೀನ್ ಅನಿಲವು ಸೊಪ್ಪನ್ನು ಬೇಗ ಹಳದಿಯಾಗಿಸುವುದರಿಂದ, ಎಷ್ಟೇ ಜಾಗ ಉಳಿದಿದ್ದರೂ ಇವನ್ನು ಸೊಪ್ಪಿನೊಂದಿಗೆ ಒಂದೇ ಲಾರಿಗೆ ಹಾಕಬೇಡಿ.

ಚಾಲಕರು ಹೊರಡುವಾಗ, ಪ್ರತಿ ಬಾರಿ ಬಾಗಿಲು ತೆರೆದಾಗ ಮತ್ತು ಇಳಿಸುವಾಗ ಒಳಗಿನ ತಾಪಮಾನವನ್ನು ಬರೆದಿಡತಕ್ಕದ್ದು.

ನಿಮ್ಮ ಮಾಲು ಯಾವುದು, ಎಷ್ಟು ಕ್ರೇಟು ಎಂಬುದನ್ನು ಶನಿವಾರ ಸಂಜೆ 6 ಗಂಟೆಯೊಳಗೆ ಇಲ್ಲಿಯೇ ದಯವಿಟ್ಟು ತಿಳಿಸಿ. ಅದನ್ನು ನೋಡಿಕೊಂಡೇ ಲಾರಿಗಳನ್ನು ಹಂಚಬೇಕಾಗಿದೆ.